ದಂಡಿನಿಂದ ಹೊರಟ ಬರಿಗಾಲು

ಬೆಂಗಳೂರು ಎಂಬ ಒಂದೇ ಹೆಸರಿನ ಕೆಳಗೆ ಬಹುಕಾಲ ಎರಡು ಊರುಗಳಿದ್ದುವು. ನಮ್ಮ ಮಂಚೇನಹಳ್ಳಿಯ ಕಡೆಯಿಂದ ವ್ಯಾಪಾರಕ್ಕೋ ವ್ಯಾಜ್ಯಕ್ಕೋ ಹೋಗಿಬರುತ್ತಿದ್ದ ಹಿರಿಯರು ಒಂದನ್ನು ಪೇಟೆ ಎಂದೂ ಮತ್ತೊಂದನ್ನು ದಂಡು ಎಂದೂ ಬೇರೆ ಬೇರೆಯಾಗಿಯೇ ಕರೆಯುತ್ತಿದ್ದರು. ಪೇಟೆ ಅವರಿಗೆ ಪರಿಚಿತವಾದ ನೆಲ. ಅಲ್ಲಿ ಅವರ ಮಾತು ನಡೆಯುತ್ತಿತ್ತು, ಇಳಿದುಕೊಳ್ಳಲು ಛತ್ರವಿತ್ತು, ನೆಂಟರ ಮನೆಯಿತ್ತು. ದಂಡಾದರೋ ದೂರದಿಂದ ನೋಡಿ ಹಿಂದಿರುಗತಕ್ಕ ಪರಸ್ಥಳ. ಕನ್ನಡವನ್ನೂ ತೆಲುಗನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಸೀಮೆಯ ಜನಕ್ಕೆ, ಇಂಗ್ಲಿಷು, ತಮಿಳು, ದಖ್ಖನಿ ಉರ್ದು ಮೂರೂ ಬೆರೆತು ಹರಿಯುತ್ತಿದ್ದ ಆ ಬೀದಿಗಳಲ್ಲಿ ಕೆಲಸವೂ ಇರಲಿಲ್ಲ, ಬಳಗವೂ ಇರಲಿಲ್ಲ. ಆ ದಂಡಿನ ಮೈದಾನಗಳಲ್ಲಿ ಬೆಳೆದು, ಬೊಂಬಾಯಿಯನ್ನು ಗೆದ್ದು, ಕಲ್ಕತ್ತೆಯನ್ನು ಮರುಳುಮಾಡಿ, ಲಂಡನ್ನಿನವರೆಗೂ ಹೆಲ್ಸಿಂಕಿಯವರೆಗೂ ಬರಿಗಾಲಿನಲ್ಲಿ ನಡೆದುಹೋದ ಒಂದು ಆಟದ ಪರಂಪರೆಯು ಕನ್ನಡದ ಬರವಣಿಗೆಯಲ್ಲಿ ಇಷ್ಟು ತೆಳುವಾಗಿ ಉಳಿದಿರುವುದಕ್ಕೆ ಮೂಲಕಾರಣವು ಪೇಟೆಗೂ ದಂಡಿಗೂ ನಡುವಣ ಈ ಗೋಡೆಯೇ ಎಂದು ನಾನು ನಂಬಿದ್ದೇನೆ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿಯೇ ಬೀಡುಬಿಟ್ಟಿದ್ದ ಕಂಪನಿಯ ಸೈನ್ಯವು, ಅಲ್ಲಿನ ಚಳಿಜ್ವರದ ಬಾಧೆಯನ್ನು ತಾಳಲಾರದೆ ಬೆಂಗಳೂರಿನ ಎತ್ತರದ ನೆಲವನ್ನು ಅರಸಿಕೊಂಡು ಬಂದುದೂ, 1809ರ ಹೊತ್ತಿಗೆ ಹಲಸೂರಿನ ಮಗ್ಗುಲಲ್ಲಿ ದಂಡು ನೆಲೆಗೊಂಡುದೂ ಎಲ್ಲರೂ ಬಲ್ಲ ಸಂಗತಿ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಮರಳಿ ಒಪ್ಪಿಸಿದಾಗಲೂ ದಂಡನ್ನು ಮಾತ್ರ ಬ್ರಿಟಿಷರು ಬಿಡಲಿಲ್ಲ. ರೆಸಿಡೆಂಟರ ಕೈಕೆಳಗೆ ಅದು ಬೇರೆಯೇ ಒಂದು ಆಡಳಿತವಾಗಿ, ಸಂಸ್ಥಾನದ ಹೊಟ್ಟೆಯೊಳಗಣ ಪರರಾಜ್ಯವಾಗಿ, 1947ರ ಜುಲೈ 26ರವರೆಗೂ ಮುಂದುವರಿಯಿತು. ಈ ಪ್ರದೇಶದಲ್ಲಿ ಬಿಳಿಯ ಪಟಾಲಮುಗಳು ಸಂಜೆಯ ಹೊತ್ತು ಚೆಂಡನ್ನು ಒದೆಯುತ್ತಿದ್ದುದನ್ನು ಬೇಲಿಯಾಚೆಯಿಂದ ಕಂಡವರು ಯಾರು? ಪಟಾಲಮುಗಳ ಅಡುಗೆಯವರು, ದೋಬಿಗಳು, ಕುದುರೆಯಾಳುಗಳು, ಹೊಲಿಗೆಯವರು, ಮದರಾಸಿನ ಕಡೆಯಿಂದ ಬಂದು ನೆಲಸಿದ್ದ ಕೂಲಿಗಾರರು, ಬಜಾರಿನ ಮುಸಲ್ಮಾನ ಕುಟುಂಬಗಳವರು. ಅವರಿಗಿಂತ ಹೆಚ್ಚಾಗಿ ಅವರ ಮಕ್ಕಳು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಶಿವಾಜಿನಗರ ಎಂದು ಇಂದು ನಾವು ಕರೆಯುವ ಕೇರಿಗಳಲ್ಲಿ ಕಾಲ್ಚೆಂಡು ಬೇರೂರಿದುದು ಹೀಗೆ. ಮೂರು ಕೋಲು ನೆಟ್ಟು, ಬ್ಯಾಟು ಕೊಂಡು, ಬಿಳಿಯ ಉಡುಪು ಹೊಲಿಸಿಕೊಂಡು ಆಡಬೇಕಾದ ಕ್ರಿಕೆಟ್ಟು ಸ್ಥಿತಿವಂತರ ಅಂಗಳದಲ್ಲಿಯೇ ನಿಂತಿತು. ಹತ್ತಿಪ್ಪತ್ತು ಹುಡುಗರು ಕೂಡಿ ಒಂದು ಚೆಂಡನ್ನು ಸಂಪಾದಿಸಿದರೆ ಸಾಕಾಗುತ್ತಿದ್ದ ಕಾಲ್ಚೆಂಡು ಬಡವರ ಬಯಲಿಗೆ ಇಳಿದುಬಂದಿತು. ಬೂಟನ್ನು ಕೊಳ್ಳುವ ಶಕ್ತಿ ಇಲ್ಲದುದರಿಂದ ಬರಿಗಾಲಿನಲ್ಲಿಯೇ ಆಡುವುದು ಮೊದಮೊದಲು ಅನಿವಾರ್ಯವಾಗಿದ್ದು, ಬರಬರುತ್ತ ಅದೇ ಒಂದು ಕಲೆಯಾಯಿತು: ಚರ್ಮದ ಗೋಡೆಯಿಲ್ಲದ ಪಾದಕ್ಕೆ ಚೆಂಡಿನ ತಿರುವೂ ಭಾರವೂ ಬೆರಳುಗಳಿಗೆ ತಿಳಿಯುವಂತೆಯೇ ತಿಳಿಯುತ್ತಿದ್ದುವು.

ಈ ಕೇರಿಗಳ ಆಟವು ದೇಶದ ಕಣ್ಣಿಗೆ ಬಿದ್ದುದು 1937ರಲ್ಲಿ. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದಂದಿನಿಂದ ಬ್ರಿಟಿಷ್ ಪಟಾಲಮುಗಳ ಸ್ವತ್ತಾಗಿಯೇ ಉಳಿದಿದ್ದಿತು. ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡವು 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ಪಟಾಲಮನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದು ಬಂಗಾಳದ ರಾಷ್ಟ್ರಾಭಿಮಾನಕ್ಕೆ ಒಂದು ಪುರಾಣವನ್ನೇ ಒದಗಿಸಿಕೊಟ್ಟಿದ್ದರೂ, ಬೊಂಬಾಯಿಯಲ್ಲಿ ಮಾತ್ರ ಭಾರತೀಯ ತಂಡವೊಂದಕ್ಕೆ ಆ ಗೌರವವು ನಾಲ್ಕೂವರೆ ದಶಕಗಳ ಕಾಲ ಎಟುಕಿರಲಿಲ್ಲ. ಅದನ್ನು ಮೊತ್ತಮೊದಲಿಗೆ ಎಟುಕಿಸಿಕೊಂಡವರು ಕಲ್ಕತ್ತೆಯವರೂ ಅಲ್ಲ, ಬೊಂಬಾಯಿಯವರೂ ಅಲ್ಲ. ಬೆಂಗಳೂರು ಮುಸ್ಲಿಂಸ್ ಎಂಬ ನಮ್ಮ ದಂಡಿನ ತಂಡದವರು. ಅಂತಿಮ ಪಂದ್ಯದಲ್ಲಿ ಅವರೆದುರು ಸೋತುದು ಅಂದಿನ ಭಾರತದ ಅತ್ಯಂತ ಪ್ರಬಲ ತಂಡವಾಗಿದ್ದ, 1934ರಿಂದ 1938ರವರೆಗೆ ಎಡೆಬಿಡದೆ ಐದು ಸಲ ಕಲ್ಕತ್ತಾ ಲೀಗನ್ನು ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷವೂ ಬೆಂಗಳೂರಿನವರೇ ಕಪ್ಪನ್ನು ಉಳಿಸಿಕೊಂಡರು.

ಆ ಮರುವರ್ಷವೆಂದರೆ 1938. ಆ ವರ್ಷದ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜವನ್ನು ಹಿಡಿದು ನೆರೆದಿದ್ದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯನ್ನು ಸರ್ಕಾರವು ಒಂದು ಬಗೆಯಾಗಿ ಹೇಳಿತು, ಜನರ ನೆನಪು ಅದಕ್ಕಿಂತ ಬಹಳ ಹೆಚ್ಚೆಂದು ಹೇಳಿತು. ನಮ್ಮ ಸೀಮೆಯವರಿಗೆ 1938 ಎಂದರೆ ಇಂದಿಗೂ ಆ ಅಶ್ವತ್ಥವೃಕ್ಷವೇ ಹೊರತು ಬೇರೊಂದಿಲ್ಲ, ಇರಬೇಕಾದುದೂ ಹಾಗೆಯೇ. ಆದರೆ ಅದೇ ವರ್ಷದಲ್ಲಿ, ನಮಗೆ ಒಂದು ದಿನದ ಗಾಡಿಪಯಣದಷ್ಟೂ ದೂರವಿಲ್ಲದ ಒಂದು ಊರಿನ ಬಡಮಕ್ಕಳು, ತಮ್ಮದೇ ಆದ ಬೇರೊಂದು ರೀತಿಯಲ್ಲಿ, ದೊರೆತನವನ್ನು ದೊರೆಗಳದೇ ಆಟದಲ್ಲಿ ಎದುರಿಸಿ ನಿಂತಿದ್ದರೆಂಬುದು ನಮ್ಮ ಹಳ್ಳಿಗಳಿಗೆ ಮುಟ್ಟಲೇ ಇಲ್ಲ. ನಮ್ಮ ಸೀಮೆಯ ತೊಂಡೇಬಾವಿಯ ಮೇಲೆ ರೈಲು ದಿನವೂ ಹಾಯುತ್ತಿತ್ತು. ಕಾಲ್ಚೆಂಡು ಮಾತ್ರ ಆ ರೈಲಿನಿಂದ ನಮ್ಮಲ್ಲಿ ಇಳಿಯಲಿಲ್ಲ. ನಾವು ಕಬಡ್ಡಿಯನ್ನೂ ಚಿನ್ನಿದಾಂಡನ್ನೂ ಆಡಿ ಬೆಳೆದೆವು.

ರೋವರ್ಸ್ ಕಪ್ ಮೊದಲು ಬೆಂಗಳೂರಿಗೆ ಬಂದಾಗ ಅಹ್ಮದ್ ಖಾನರಿಗೆ ಹತ್ತು ವರ್ಷ ವಯಸ್ಸು. 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದ ಅವರದು ಆಟಗಾರರ ಮನೆತನ. ಸಂಗೀತಗಾರರ ಮನೆಯ ಮಗುವಿಗೆ ಶ್ರುತಿಜ್ಞಾನವು ಮಾತಿಗಿಂತ ಮೊದಲೇ ಬರುವಂತೆ, ಅವರಿಗೆ ಚೆಂಡಿನ ಜ್ಞಾನವು ಮನೆಯಂಗಳದಲ್ಲಿಯೇ ಬಂದಿರಬೇಕು. ಆ ಕಾಲದ ಆಟದ ವ್ಯೂಹವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಗೋಲಿನ ಮುಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್ ಬ್ಯಾಕ್‌ಗಳು, ಎಲ್ಲರ ಮುಂದೆ ಸಾಲಾಗಿ ಐವರು ಫಾರ್ವರ್ಡ್‌ಗಳು. ಇದು ಇಂಗ್ಲೆಂಡಿನಿಂದ ಬಂದ ಹಳೆಯ ಕ್ರಮ. ಆ ಐವರ ಸಾಲಿನಲ್ಲಿ ನಟ್ಟನಡುವಿನವನೂ ಎರಡು ಅಂಚಿನವರೂ ಮುಂದಕ್ಕೇ ಓಡತಕ್ಕವರಾದರೆ, ಅವರ ನಡುವೆ ನಿಲ್ಲುತ್ತಿದ್ದ ಇನ್‌ಸೈಡ್ ಆಟಗಾರರಿಬ್ಬರು ಹಿಂದಕ್ಕೆ ಸರಿದು ಹಾಫ್ ಬ್ಯಾಕ್‌ಗಳಿಂದ ಚೆಂಡನ್ನು ಇಸಿದುಕೊಂಡು, ಮೈದಾನದ ಮಧ್ಯಭಾಗವನ್ನು ದಾಟಿಸಿ, ಹೊತ್ತು ನೋಡಿ ಮುಂದಿನವರಿಗೆ ಒಪ್ಪಿಸತಕ್ಕವರು. ಇಂದು ಮಿಡ್‌ಫೀಲ್ಡರ್ ಎಂದು ಯಾರನ್ನು ಕರೆಯುತ್ತೇವೆಯೋ ಅವನ ಕೆಲಸವನ್ನು ಅಂದು ಬಹುಮಟ್ಟಿಗೆ ಇವರು ಮಾಡುತ್ತಿದ್ದರು. ಅಹ್ಮದ್ ಖಾನರದು ಇನ್‌ಸೈಡ್ ಲೆಫ್ಟ್ ಸ್ಥಾನ. ಚೆಂಡು ಅವರ ಪಾದವನ್ನು ಸೇರಿದ ಮೇಲೆ ಅದನ್ನು ಬಿಡಿಸಿಕೊಳ್ಳುವುದು ದುಸ್ಸಾಧ್ಯವೆಂದೂ, ಎದುರಾಳಿಯು ಅವರ ಮೈಯ ಬಳುಕನ್ನು ನೋಡುತ್ತ ನಿಂತಲ್ಲಿಯೇ ನಿಲ್ಲುತ್ತಿದ್ದನೆಂದೂ ಕಂಡವರು ಹೇಳುತ್ತಿದ್ದರು. ಆದುದರಿಂದಲೇ ಅವರಿಗೆ ಹಾವಾಡಿಗ ಎಂಬ ಬಿರುದು ಬಂದಿತು.

1946–47ರ ಸಂತೋಷ್ ಟ್ರೋಫಿ ಪಂದ್ಯಾವಳಿಯು ಬೆಂಗಳೂರಿನಲ್ಲಿಯೇ ನಡೆದು, ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ರೆಸಿಡೆಂಟರ ದಂಡಿನ ಹುಡುಗರೂ ಮಹಾರಾಜರ ಸಂಸ್ಥಾನದ ಹೆಸರೂ ಒಂದೇ ಅಂಗಿಯ ಮೇಲೆ ಕೂಡಿಕೊಂಡ ಗೆಲವು ಅದು. ದಂಡು ಸಂಸ್ಥಾನಕ್ಕೆ ಮರಳುವ ಮುನ್ನವೇ ಆಟದ ಅಂಗಳದಲ್ಲಿ ಎರಡು ಬೆಂಗಳೂರುಗಳೂ ಒಂದಾಗಿದ್ದುವೆಂದು ಹೇಳಬಹುದು. ಆದರೆ ಆ ಒಂದುಗೂಡುವಿಕೆಯು ಅಂಗಳದ ಗೆರೆಯನ್ನು ದಾಟಿ ಆಚೆಗೆ ಹಬ್ಬಲಿಲ್ಲವೆಂಬುದನ್ನೂ ಹೇಳಬೇಕು.

ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬುವ ಮೊದಲೇ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಕೂಡಿದುವು. ಸ್ವತಂತ್ರ ಭಾರತದ ಮೊದಲ ಕಾಲ್ಚೆಂಡು ತಂಡವು ಅಲ್ಲಿಗೆ ಹೋದಾಗ ಅದರಲ್ಲಿ ಬೆಂಗಳೂರಿನ ಪಾಲು ಎಷ್ಟಿದ್ದಿತೆಂಬುದನ್ನು ಎಣಿಸಿ ನೋಡಿದರೆ ಇಂದು ಆಶ್ಚರ್ಯವಾಗುತ್ತದೆ: ಗೋಲಿನಲ್ಲಿ ನಿಲ್ಲಲು ವರದರಾಜ್, ಹಿಂದಿನ ಪಂಕ್ತಿಗೆ ಬಷೀರ್, ಮುಂದಿನ ಪಂಕ್ತಿಗೆ ರಾಮನ್, ಧನರಾಜ್, ವಜ್ರವೇಲು, ಅಹ್ಮದ್ ಖಾನ್. ತಂಡದ ನಾಯಕರು ನಾಗಾ ಬೆಟ್ಟಗಳಿಂದ ಬಂದು ಕಲ್ಕತ್ತೆಯಲ್ಲಿ ವೈದ್ಯಶಾಸ್ತ್ರವನ್ನು ಓದಿದ್ದ ತಾಲಿಮೆರೆನ್ ಆವೋ. ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್‌ಫರ್ಡಿನಲ್ಲಿ ಫ್ರಾನ್ಸಿನೆದುರು ಪಂದ್ಯ. ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನವರು. ಕೆಲವರು ಪಾದಕ್ಕೆ ಬಟ್ಟೆಯ ಪಟ್ಟಿಯನ್ನು ಸುತ್ತಿಕೊಂಡಿದ್ದರು. ನೋಡಲು ನೆರೆದಿದ್ದ ಇಂಗ್ಲಿಷ್ ಜನರು ಮೊದಲು ಕುತೂಹಲದಿಂದ ನೋಡಿದರು, ಆಮೇಲೆ ಆಟದ ಸೊಗಸಿಗೆ ಮನಸೋತು ತಾವೇ ಭಾರತದ ಕಡೆಯವರಾದರು.

ಮೂವತ್ತನೆಯ ನಿಮಿಷದಲ್ಲಿ ಫ್ರಾನ್ಸಿನವರು ಒಂದು ಗೋಲು ಹೊಡೆದರು. ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತುವು, ಎರಡೂ ವ್ಯರ್ಥವಾದುವು. ಒಂದನ್ನು ತಪ್ಪಿಸಿಕೊಂಡವರು ಶೈಲೇನ್ ಮನ್ನಾ, ಮತ್ತೊಂದನ್ನು ಮಹಾವೀರ ಪ್ರಸಾದ್. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಹೊಗಿಸಿ ಆಟವನ್ನು ಸಮಮಾಡಿದರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತದ ಮೊತ್ತಮೊದಲ ಗೋಲು ಅದು, ಅದನ್ನು ಹೊಡೆದ ಕಾಲು ನಮ್ಮೂರಿನದು. ಇನ್ನೊಂದೇ ನಿಮಿಷವನ್ನು ತಡೆದು ನಿಂತಿದ್ದರೆ ಆಟವು ಹೆಚ್ಚುವರಿ ಕಾಲಕ್ಕೆ ಹೋಗುತ್ತಿದ್ದಿತು. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಫ್ರಾನ್ಸ್ ಎರಡನೆಯ ಗೋಲನ್ನು ಹೊಡೆಯಿತು. ಹೀಗೆ 1–2ರಿಂದ ಸೋತು ಬಂದ ತಂಡವನ್ನು ಕುರಿತು ಹುಟ್ಟಿಕೊಂಡ ಕಥೆಗಳು ಅನೇಕ. ರಾಜಕುಟುಂಬದವರು ಈ ಆಟಗಾರರ ಕಾಲುಗಳು ಉಕ್ಕಿನವೋ ಎಂದು ವಿಚಾರಿಸಿದರೆಂಬುದು ಒಂದು. ಬರಿಗಾಲೇಕೆಂದು ಕೇಳಿದವರಿಗೆ ಆವೋ ಅವರು, ನೀವು ಆಡುವುದು ಬೂಟಿನ ಆಟ, ನಾವು ಆಡುವುದು ಪಾದದ ಆಟ ಎಂಬ ಅರ್ಥ ಬರುವಂತೆ ಉತ್ತರ ಕೊಟ್ಟರೆಂಬುದು ಇನ್ನೊಂದು. ಇವುಗಳಲ್ಲಿ ಎಷ್ಟು ನಡೆದುದು, ಎಷ್ಟು ನಂತರದವರ ಅಲಂಕಾರ ಎಂಬುದನ್ನು ನಿರ್ಣಯಿಸುವುದು ಕಷ್ಟ. ಆದರೆ ಇಂಥ ಕಥೆಗಳನ್ನು ಹುಟ್ಟಿಸಬಲ್ಲ ಸೋಲು ಸಾಮಾನ್ಯವಾದುದಲ್ಲ.

ಅದೇ 1948ರಲ್ಲಿ ಬೆಂಗಳೂರು ಮುಸ್ಲಿಂಸ್ ಮೂರನೆಯ ಸಲ ರೋವರ್ಸ್ ಕಪ್ಪನ್ನು ಗೆದ್ದಿತು. ದಂಡಿನ ಕಾಲ್ಚೆಂಡಿನ ಮಧ್ಯಾಹ್ನಸೂರ್ಯನೆಂದರೆ ಆ ವರ್ಷವೇ. ಆ ಸೂರ್ಯನು ಪಶ್ಚಿಮಕ್ಕಲ್ಲ, ಪೂರ್ವಕ್ಕೆ ಇಳಿದನು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಮೊದಲಿನಿಂದಲೂ ಬೆಂಗಳೂರಿನ ಮೇಲೆ ಕಣ್ಣಿಟ್ಟಿದ್ದುವು. ಮೊಹಮ್ಮಡನ್ ಸ್ಪೋರ್ಟಿಂಗ್ ತನ್ನ ವಿಜಯದ ದಶಕದಲ್ಲಿಯೇ ಇಲ್ಲಿಂದ ಆಟಗಾರರನ್ನು ಕರೆಸಿಕೊಂಡಿತ್ತು. ಬೆಂಗಳೂರಿನಲ್ಲಿ ಆಟವಿತ್ತು, ಆಟದಿಂದ ಹೊಟ್ಟೆ ಹೊರೆಯುವ ದಾರಿ ಇರಲಿಲ್ಲ; ಕಲ್ಕತ್ತೆಯಲ್ಲಿ ಮೈದಾನವನ್ನು ದೇವಸ್ಥಾನದಂತೆ ಕಾಣುವ ಜನಸಮುದ್ರವಿತ್ತು, ಆಟಗಾರನನ್ನು ಸಾಕುವ ಕ್ಲಬ್ಬುಗಳಿದ್ದುವು. 1949ರಲ್ಲಿ ಅಹ್ಮದ್ ಖಾನರು ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ಬೆಂಗಳೂರು ಕಾರ್ಪೊರೇಷನ್ ಆದುದೂ ಅದೇ 1949ರಲ್ಲಿ. ಊರು ಒಂದಾದ ವರ್ಷವೇ ಊರಿನ ಶ್ರೇಷ್ಠ ಆಟಗಾರನು ಊರು ಬಿಟ್ಟನೆಂಬುದನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಅವರು ಹೋಗಿ ಸೇರಿದ ಕಲ್ಕತ್ತೆಯಾದರೂ ಎಂಥದು! ದೇಶವಿಭಜನೆಯಾಗಿ ಎರಡು ವರ್ಷಗಳೂ ತುಂಬಿರಲಿಲ್ಲ. ಪದ್ಮಾನದಿಯ ಆಚೆಯ ದಡದಿಂದ ಮನೆಮಠಗಳನ್ನು ಬಿಟ್ಟು ಬಂದ ಲಕ್ಷಾಂತರ ಹಿಂದೂ ನಿರಾಶ್ರಿತರು ಸೀಯಾಲ್ದಾ ನಿಲ್ದಾಣದ ಪ್ಲಾಟ್‌ಫಾರಮ್ಮಿನಲ್ಲಿಯೂ, ನಗರದ ಅಂಚಿನ ಜವುಗು ನೆಲದ ಗುಡಿಸಲುಗಳಲ್ಲಿಯೂ ದಿನಗಳನ್ನು ನೂಕುತ್ತಿದ್ದರು. ಈಸ್ಟ್ ಬೆಂಗಾಲ್ ಎಂಬ ನಾಡು ಗಡಿಯಾಚೆಗೆ ಸೇರಿಹೋಗಿದ್ದ ಕಾಲದಲ್ಲಿ ಅವರ ಪಾಲಿಗೆ ಅದರ ಹೆಸರು ಉಳಿದಿದ್ದುದು ಆ ಹೆಸರಿನ ಕ್ಲಬ್ಬಿನ ಕೆಂಪು-ಹಳದಿ ಅಂಗಿಯ ಮೇಲೆ. ಕಳೆದುಕೊಂಡ ನಾಡಿನ ಹೆಸರನ್ನು ಕೂಗಲು ಅವರಿಗೆ ಉಳಿದಿದ್ದ ಸ್ಥಳ ಮೈದಾನವೊಂದೇ. ಆ ಅಂಗಿಯನ್ನು ತೊಟ್ಟು ಮುಂದಿನ ಪಂಕ್ತಿಯಲ್ಲಿ ಓಡಿದವರಲ್ಲಿ ಬಂಗಾಳದವರು ಒಬ್ಬರೂ ಇರಲಿಲ್ಲ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್ ಎಂಬ ಐವರು ದಕ್ಷಿಣದವರು. ಇವರಲ್ಲಿ ಧನರಾಜ್ ಮತ್ತು ಅಹ್ಮದ್ ಬೆಂಗಳೂರಿನವರು, ಅಪ್ಪಾರಾವ್ ಆಂಧ್ರದವರು, ಸಾಲೇಹ್ ಕೇರಳದವರು. ಈ ಐವರಿಗೆ ಕಲ್ಕತ್ತೆಯ ಜನರು ಇಟ್ಟ ಹೆಸರು ಪಂಚಪಾಂಡವರು.

ಈ ಹೆಸರಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 1950ರ ಆದಿಯಲ್ಲಿ ಬಂಗಾಳದ ಎರಡು ಭಾಗಗಳಲ್ಲಿಯೂ ಮತೀಯ ಹಿಂಸೆ ಮತ್ತೆ ಭುಗಿಲೆದ್ದು, ಏಪ್ರಿಲ್ 8ರಂದು ನೆಹರೂ ಮತ್ತು ಲಿಯಾಖತ್ ಅಲಿಯವರು ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಬೇಕಾಗಿ ಬಂದಿತು. ನೆರೆಯವನನ್ನು ನೆರೆಯವನು ನಂಬದಂತಾದ ಆ ದಿನಗಳಲ್ಲಿ, ಮುಸಲ್ಮಾನರ ಭಯದಿಂದ ಮನೆ ಬಿಟ್ಟು ಬಂದ ಹಿಂದೂ ಜನಸಮೂಹವು, ಬಂಗಾಳಿಯನ್ನು ತಾಯ್ನುಡಿಯಾಗಿ ಆಡದ ಇಬ್ಬರು ದಕ್ಷಿಣದ ಮುಸಲ್ಮಾನರನ್ನು ಪಾಂಡವರ ಮಧ್ಯದಲ್ಲಿ ಕೂಡಿಸಿಕೊಂಡು, ಅವರ ಗೆಲವಿನಲ್ಲಿ ತನ್ನ ಕಣ್ಣೀರನ್ನು ಒರಸಿಕೊಂಡಿತು. ರಾಜಕೀಯದ ಇತಿಹಾಸವನ್ನು ಬರೆಯುವವರು ಈ ಸಂಗತಿಗೆ ಒಂದು ಸಾಲನ್ನೂ ಕೊಡುವುದಿಲ್ಲ; ಆದರೆ ಆ ವರ್ಷಗಳ ಕಲ್ಕತ್ತೆಯಲ್ಲಿ ಮನುಷ್ಯನು ಮನುಷ್ಯನಿಗೆ ಪೂರ್ತಿಯಾಗಿ ಪರಕೀಯನಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಪಾಂಡವರ ವಿಜಯಗಳ ಪಟ್ಟಿ ಉದ್ದವಾದುದು. 1949ರ ಒಂದೇ ಋತುವಿನಲ್ಲಿ ಕಲ್ಕತ್ತಾ ಲೀಗ್, ಐ.ಎಫ್.ಎ. ಷೀಲ್ಡ್, ರೋವರ್ಸ್ ಕಪ್ ಮೂರನ್ನೂ ಈಸ್ಟ್ ಬೆಂಗಾಲ್ ಗೆದ್ದಿತು. 1950ರಲ್ಲಿಯೂ 1951ರಲ್ಲಿಯೂ ಷೀಲ್ಡ್ ಅದರ ಕೈಯಲ್ಲಿಯೇ ಉಳಿಯಿತು. ಸತತವಾಗಿ ಮೂರು ವರ್ಷ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಹೀಗೆ ಬಂದಿತು. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್. 1953ರಲ್ಲಿ ಕ್ಲಬ್ಬು ರುಮೇನಿಯಕ್ಕೂ ಸೋವಿಯತ್ ದೇಶಕ್ಕೂ ಪ್ರವಾಸ ಹೋಗಿ ಬಂದಿತು.

ಈ ನಡುವೆ ನಡೆದ, ಅಥವಾ ನಡೆಯದೆ ಹೋದ, ಒಂದು ಸಂಗತಿಯು ಇಂದಿಗೂ ವಾದಕ್ಕೆ ಎಡೆಮಾಡಿಕೊಟ್ಟಿದೆ. 1950ರಲ್ಲಿ ಬ್ರೆಜಿಲಿನಲ್ಲಿ ನಡೆಯಲಿದ್ದ ವಿಶ್ವಕಪ್ಪಿಗೆ, ಅರ್ಹತೆಯ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷಿಯ, ಫಿಲಿಪೈನ್ಸ್ ಮೂರೂ ಹಿಂದೆ ಸರಿದುದರಿಂದ ಭಾರತಕ್ಕೆ ಪ್ರವೇಶವು ತಾನಾಗಿ ದೊರೆಯಿತು. ಸ್ವೀಡನ್, ಇಟಲಿ, ಪರಾಗ್ವೆಗಳ ಜೊತೆ ಆಡಬೇಕಾಗಿದ್ದ ಭಾರತವು ಕೊನೆಗೆ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಅಂತರರಾಷ್ಟ್ರೀಯ ಸಂಸ್ಥೆಯು ಒಪ್ಪದಿದ್ದುದೇ ಕಾರಣವೆಂಬ ಮಾತು ದೇಶದಲ್ಲೆಲ್ಲ ಹಬ್ಬಿ, ಶಾಲೆಯ ಮಕ್ಕಳೂ ಅದನ್ನೇ ಹೇಳುವಂತಾಯಿತು. ಆದರೆ ಭಾರತದ ಅಂದಿನ ಕಾಲ್ಚೆಂಡು ಫೆಡರೇಷನ್ ಮುಂದಿಟ್ಟ ಕಾರಣಗಳು ಬೇರೆ: ತಂಡದ ಆಯ್ಕೆಯಲ್ಲಿ ಒಮ್ಮತವಿರಲಿಲ್ಲ, ಅಭ್ಯಾಸಕ್ಕೆ ಕಾಲಾವಕಾಶವಿರಲಿಲ್ಲ. ಹಡಗಿನ ದೀರ್ಘಪ್ರಯಾಣವನ್ನೂ ವೆಚ್ಚವನ್ನೂ ಕೆಲವರು ಹೇಳುತ್ತಾರೆ. ವೆಚ್ಚದ ಬಹುಭಾಗವನ್ನು ಬ್ರೆಜಿಲಿನವರೇ ಹೊರಲು ಸಿದ್ಧರಾಗಿದ್ದರೆಂದು ಅದಕ್ಕೆ ಪ್ರತ್ಯುತ್ತರವೂ ಉಂಟು. ಶೈಲೇನ್ ಮನ್ನಾ ಅವರು ಮುಂದೆ ಬರಿಗಾಲಿನ ಕಥೆಯನ್ನು ಒಪ್ಪಲಿಲ್ಲ. ಒಲಿಂಪಿಕ್ಕೇ ಪರಮವೆಂದು ಬಗೆದಿದ್ದ ಅಂದಿನ ಆಡಳಿತಗಾರರಿಗೆ ವಿಶ್ವಕಪ್ಪಿನ ಮಹತ್ವವೇ ತಿಳಿದಿರಲಿಲ್ಲವೆಂಬ ಇತಿಹಾಸಕಾರರ ಅಭಿಪ್ರಾಯವು ನನಗೆ ಸತ್ಯಕ್ಕೆ ಹತ್ತಿರವಾಗಿ ಕಾಣುತ್ತದೆ. ಹೇಗೂ ಆಗಲಿ, ತಪ್ಪನ್ನು ಆಟಗಾರರ ಬರಿಯ ಪಾದಗಳ ಮೇಲೆ ಹೊರಿಸುವುದು ಅನ್ಯಾಯ. ಇಪ್ಪತ್ತಮೂರು ವರ್ಷದ ಅಹ್ಮದ್ ಖಾನರು ತಮ್ಮ ಪ್ರತಿಭೆಯ ತುತ್ತತುದಿಯಲ್ಲಿದ್ದಾಗ ಆ ಬಾಗಿಲು ಮುಚ್ಚಿತು. ಅವರ ಜೀವಮಾನದಲ್ಲಿ ಅದು ಮತ್ತೆ ಭಾರತಕ್ಕೆ ತೆರೆಯಲಿಲ್ಲ.

1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡೆಗಳಲ್ಲಿ ಭಾರತವು ಇಂಡೋನೇಷಿಯವನ್ನೂ ಆಫ್ಘಾನಿಸ್ತಾನವನ್ನೂ ಮೂರು ಮೂರು ಗೋಲುಗಳಿಂದ ಸೋಲಿಸಿ, ಅಂತಿಮ ಪಂದ್ಯದಲ್ಲಿ ಮೇವಾಲಾಲರ ಒಂದು ಗೋಲಿನಿಂದ ಇರಾನನ್ನು ಗೆದ್ದು ಚಿನ್ನವನ್ನು ಪಡೆಯಿತು. ಅಹ್ಮದ್ ಖಾನರು ಆ ತಂಡದಲ್ಲಿದ್ದರು. ಅಂದಿನ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಮೇಷ್ಟರಾಗಿದ್ದವರು, ಕೊನೆಯವರೆಗೂ ಮೇಷ್ಟರಂತೆಯೇ ಉಳಿದವರು.

ಏಷ್ಯದ ಈ ಗೆಲವಿನಿಂದ ಬಂದ ಆತ್ಮವಿಶ್ವಾಸವು ಮರುವರ್ಷವೇ ಹೆಲ್ಸಿಂಕಿಯಲ್ಲಿ ನುಚ್ಚುನೂರಾಯಿತು. 1952ರ ಜುಲೈ 15ರಂದು ಒಲಿಂಪಿಕ್ಕಿನ ಪ್ರಾರಂಭದ ಸುತ್ತಿನಲ್ಲಿಯೇ ಎದುರಾದುದು ಯುಗೊಸ್ಲಾವಿಯ. ಚಳಿಯ ನೆಲ, ಹಸಿಯ ಹುಲ್ಲು, ನಮ್ಮವರಲ್ಲಿ ಹಲವರದು ಬರಿಗಾಲು. ಝೆಬೆಕ್ ಎಂಬ ಒಬ್ಬನೇ ಆಟಗಾರನು ನಾಲ್ಕು ಗೋಲುಗಳನ್ನು ಹೊಡೆದನು. ಒಂದರ ಹಿಂದೆ ಒಂದರಂತೆ ಹತ್ತು ಗೋಲುಗಳು ಭಾರತದ ಬಲೆಯನ್ನು ಹೊಕ್ಕುವು. ಆಟ ಮುಗಿಯಲು ಇನ್ನೊಂದೇ ನಿಮಿಷ ಉಳಿದಿದ್ದಾಗ, ಸೋಲು ಎಂದೋ ನಿಶ್ಚಯವಾಗಿ, ಪ್ರೇಕ್ಷಕರು ಎದ್ದು ಹೊರಡುವ ಹೊತ್ತಿನಲ್ಲಿ, ಭಾರತದ ಏಕೈಕ ಗೋಲು ಬಂದಿತು. ಹೊಡೆದವರು ಅಹ್ಮದ್ ಖಾನ್. ಹತ್ತಕ್ಕೆದುರಾಗಿ ಒಂದು ಎಂಬ ಲೆಕ್ಕದಲ್ಲಿ ಆ ಒಂದಕ್ಕೆ ಯಾವ ಬೆಲೆಯೂ ಇಲ್ಲವೆನ್ನುವವರು ಉಂಟು. ನಾನು ಒಪ್ಪುವುದಿಲ್ಲ. ಎಂಬತ್ತೆಂಟು ನಿಮಿಷಗಳ ಅವಮಾನವನ್ನು ಹೊತ್ತ ಮೇಲೂ ಎದುರಾಳಿಯ ಗೋಲಿನ ಕಡೆಗೆ ಮುಖಮಾಡಿ ಓಡುವ ಮನಸ್ಸು ಯಾರಿಗೆ ಉಳಿದಿರುತ್ತದೆಯೋ ಅವನನ್ನು ನಾವು ಆಟಗಾರನೆನ್ನಬೇಕು.

ಆ ಸೋಲಿನ ಕಾರಣವನ್ನು ಕುರಿತು ಅಭಿಪ್ರಾಯಗಳು ಎರಡು ಬಗೆಯಾಗಿವೆ. ಚಳಿಯನ್ನೂ ಬರಿಗಾಲನ್ನೂ ಮುಂದುಮಾಡುವವರು ಹಲವರು. ಇಬ್ಬರೇ ಬ್ಯಾಕ್‌ಗಳನ್ನು ನಿಲ್ಲಿಸುವ ಹಳೆಯ ವ್ಯೂಹವನ್ನು ಯೂರೋಪಿನವರು ಎಂದೋ ಬಿಟ್ಟುಬಿಟ್ಟಿದ್ದರು, ನಾವು ಬಿಟ್ಟಿರಲಿಲ್ಲ ಎನ್ನುವವರು ಮತ್ತೆ ಕೆಲವರು. ಮುಂದೆ ಅದೇ ಯುಗೊಸ್ಲಾವಿಯವು ಆ ಒಲಿಂಪಿಕ್ಕಿನಲ್ಲಿ ಬೆಳ್ಳಿಯನ್ನು ಪಡೆದುದನ್ನು ನೋಡಿದರೆ ಎದುರಾಳಿಯ ಬಲವೂ ಸಾಮಾನ್ಯವಾಗಿರಲಿಲ್ಲ. ಫೆಡರೇಷನ್ ಮಾತ್ರ ಮೊದಲ ಅಭಿಪ್ರಾಯವನ್ನು ಹಿಡಿದು, ಇನ್ನು ಮೇಲೆ ಬೂಟನ್ನು ಧರಿಸಿಯೇ ಆಡಬೇಕೆಂದು ನಿಯಮ ಮಾಡಿತು. ಎರಡನೆಯದನ್ನು ಮನಸ್ಸಿಗೆ ಹಚ್ಚಿಕೊಂಡವರು ರಹೀಮರು. ಅವರು ತಂಡದ ವ್ಯೂಹವನ್ನೇ ತಿದ್ದಲು ತೊಡಗಿ, ನಾಲ್ಕು ವರ್ಷಗಳ ಮೇಲೆ ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ ಏರಿಸಿದರು. ಒಂದು ಆಜ್ಞೆಯಿಂದ ಒಂದು ಕಲೆ ಮುಗಿದುಹೋಯಿತು. ಆ ಆಜ್ಞೆ ಅಗತ್ಯವಾಗಿದ್ದಿತೆಂಬುದನ್ನು ಅಲ್ಲಗಳೆಯಲಾರೆ. ಆದರೆ ಬರಿಯ ಪಾದದ ಸ್ಪರ್ಶದಿಂದಲೇ ಆಟವನ್ನು ಕಲಿತ ಪೀಳಿಗೆಯೊಂದು ತನ್ನ ಮಧ್ಯವಯಸ್ಸಿನಲ್ಲಿ ನಡೆಯುವುದನ್ನು ಹೊಸದಾಗಿ ಕಲಿಯಬೇಕಾಯಿತೆಂಬುದನ್ನೂ ಮರೆಯಲಾರೆ. ಅಹ್ಮದ್ ಖಾನರು ಬೂಟಿಗೂ ಹೊಂದಿಕೊಂಡರು. 1954ರಲ್ಲಿ ಮನಿಲಾದ ಏಷ್ಯನ್ ಕ್ರೀಡೆಗಳಿಗೆ ಹೋದರು, 1956ರಲ್ಲಿ ಈಸ್ಟ್ ಬೆಂಗಾಲ್ ಮತ್ತೊಮ್ಮೆ ಡ್ಯುರಾಂಡ್ ಕಪ್ಪನ್ನು ಗೆದ್ದಾಗ ಆ ಕ್ಲಬ್ಬಿನಲ್ಲಿಯೇ ಇದ್ದರು, 1959ರವರೆಗೂ ಅದನ್ನು ಬಿಡಲಿಲ್ಲ.

ಇತ್ತ ಬೆಂಗಳೂರು ಬರಿದಾಗಲಿಲ್ಲ. 1952–53ರಲ್ಲಿ ಮೈಸೂರು ತಂಡವು ತನ್ನ ನೆಲದಲ್ಲಿಯೇ ಬಂಗಾಳವನ್ನು ಮತ್ತೆ ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಹಾಫ್ ಬ್ಯಾಕ್ ಕೆಂಪಯ್ಯನವರು 1956ರ ಮೆಲ್ಬರ್ನಿಗೂ 1960ರ ರೋಮಿಗೂ ಹೋದರು. ಅರುಮೈನಾಯಗಂ 1962ರಲ್ಲಿ ಜಕಾರ್ತದಿಂದ ಏಷ್ಯದ ಚಿನ್ನವನ್ನು ತಂದ ತಂಡದಲ್ಲಿದ್ದರು. ಇವರಿಬ್ಬರೂ ಆಡಿ ಹೆಸರಾದುದು ಕಲ್ಕತ್ತೆಯ ಮೋಹನ್ ಬಾಗಾನಿನಲ್ಲಿ ಎಂಬುದೇ ಬೆಂಗಳೂರಿನ ಕಥೆಯ ಒಳತಿರುಳು. ಇಲ್ಲಿ ಹುಟ್ಟಿ, ಅಲ್ಲಿ ಬೆಳಗಿದರು. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು ಬಂದು ಆಟಗಾರರಿಗೆ ಕೆಲಸ ಕೊಡತೊಡಗಿದ ಮೇಲೆ ಹಲವರು ಊರಿನಲ್ಲಿಯೇ ಉಳಿಯುವಂತಾಯಿತು. 1967–68ರಲ್ಲಿಯೂ 1968–69ರಲ್ಲಿಯೂ ಮೈಸೂರು ಎರಡು ವರ್ಷ ಸತತವಾಗಿ ಬಂಗಾಳವನ್ನೇ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಅಲ್ಲಿಗೆ ನಿಂತಿತು. ನಾಡಿಗೆ ಕರ್ನಾಟಕವೆಂದು ಹೆಸರು ಬಂದುದು 1973ರಲ್ಲಿ. ಮರುವರ್ಷ ಪ್ರಸನ್ನ ಮತ್ತು ವಿಶ್ವನಾಥರ ತಂಡವು ರಣಜಿ ಟ್ರೋಫಿಯನ್ನು ಮೊದಲ ಸಲ ಗೆದ್ದಿತು. ರೇಡಿಯೋದಲ್ಲಿ ಕನ್ನಡದ ವೀಕ್ಷಕ ವಿವರಣೆಯನ್ನು ಕೇಳಿ ಬೆಳೆದ ನಮ್ಮ ಹಳ್ಳಿಯ ಹುಡುಗರು ಕಬಡ್ಡಿಯಿಂದ ನೇರವಾಗಿ ಕ್ರಿಕೆಟ್ಟಿಗೆ ಹಾರಿದರು. ದಂಡಿನ ಕೇರಿಗಳು ಮಾತ್ರ ತಮ್ಮ ಆಟವನ್ನು ಬಿಡಲಿಲ್ಲ. ಗೌತಮಪುರದಲ್ಲಿ ಇಂದು ಬುದ್ಧ, ಅಂಬೇಡ್ಕರರ ಸಾಲಿನಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ನಿಂತಿದೆ. ಆಸ್ಟಿನ್ ಟೌನಿನಿಂದ ಹೊರಟ ಕಾರ್ಲ್‌ಟನ್ ಚಾಪ್‌ಮನ್ ಎಂಬ ಮಿಡ್‌ಫೀಲ್ಡರ್ 1993ರಲ್ಲಿ ಅದೇ ಈಸ್ಟ್ ಬೆಂಗಾಲನ್ನು ಸೇರಿ, ಇರಾಕಿನ ಅಲ್ ಜವ್ರಾ ತಂಡದೆದುರು ಮೂರು ಗೋಲುಗಳನ್ನು ಹೊಡೆದು ಆ ಪಂದ್ಯವನ್ನು 6–2ರಿಂದ ಗೆಲ್ಲಿಸಿದರು. ಮುಂದೆ ಭಾರತ ತಂಡದ ನಾಯಕರಾದರು. 2020ರ ಅಕ್ಟೋಬರಿನಲ್ಲಿ, ಐವತ್ತು ತುಂಬುವ ಮೊದಲೇ, ಬೆಂಗಳೂರಿನಲ್ಲಿ ತೀರಿಕೊಂಡರು. ಅಹ್ಮದ್ ಖಾನರು ತುಳಿದ ದಾರಿಯಲ್ಲಿ ನಲವತ್ತು ವರ್ಷಗಳ ಮೇಲೂ ಹುಲ್ಲು ಬೆಳೆದಿರಲಿಲ್ಲ.

1969ರ ಮೇಲೆ ಸಂತೋಷ್ ಟ್ರೋಫಿಯು ಈ ರಾಜ್ಯಕ್ಕೆ ಮತ್ತೆ ಬಂದುದು 2023ರ ಮಾರ್ಚಿ 4ರಂದು, ಐವತ್ತನಾಲ್ಕು ವರ್ಷಗಳ ಮೇಲೆ, ಅದೂ ಸೌದಿ ಅರೇಬಿಯದ ರಿಯಾದಿನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. ಆ ಸುದ್ದಿಯನ್ನು ಕೇಳಲು ಅಹ್ಮದ್ ಖಾನರು ಇರಲಿಲ್ಲ. ಅವರು 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷ ತುಂಬಿದ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರು ಹುಟ್ಟಿದಾಗ ಬೆಂಗಳೂರು ರೆಸಿಡೆಂಟರದೊಂದು, ಮಹಾರಾಜರದೊಂದು ಎಂದು ಎರಡು ಹೋಳಾಗಿದ್ದಿತು. ಅವರು ಕಣ್ಣುಮುಚ್ಚುವ ಹೊತ್ತಿಗೆ ಆ ಗಡಿಯು ಎಲ್ಲಿ ಹಾದುಹೋಗಿತ್ತೆಂಬುದನ್ನು ತೋರಿಸಬಲ್ಲವರೇ ಊರಿನಲ್ಲಿ ಕೆಲವರು ಮಾತ್ರ ಉಳಿದಿದ್ದರು.